ಬಿಳಿ ಪುಡಿ, ಹಸಿರು ಪುಡಿ ಮತ್ತು ನಮ್ಮ ಎರಡು ಮಾರ್ಕಿನ ಪ್ರಶ್ನೆ

ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ‘ಗ್ಯಾಲ್ವಾನಿಕ್ ಕರೋಷನ್ ಎಂದರೇನು?’ ಅಂತ ಒಂದು ಪ್ರಶ್ನೆ ಬರ್ತಿತ್ತು, ನೆನಪಿದೆಯಾ? ಎರಡು ಬೇರೆ ಬೇರೆ ಲೋಹ, ನಡುವೆ ಉಪ್ಪುನೀರು, ಒಂದು ಆನೋಡ್, ಇನ್ನೊಂದು ಕ್ಯಾಥೋಡ್. ಚಿತ್ರ ಬರೆದು ಬಾಣ ಹಾಕಿದರೆ ಮಾರ್ಕ್ಸ್ ಗ್ಯಾರಂಟಿ. ನಾನೂ ಬರೆದಿದ್ದೆ, ಮಾರ್ಕ್ಸೂ ಬಂತು. ಆಮೇಲೆ ಎರಡೂವರೆ ವರ್ಷ ಆ ಕಡೆ ತಿರುಗಿ ನೋಡಲಿಲ್ಲ.

ಕಳೆದ ನವೆಂಬರಿನಲ್ಲಿ ಆ ಪ್ರಶ್ನೆಯೇ ನನ್ನನ್ನು ಹುಡುಕಿಕೊಂಡು ಬಂತು. ನನ್ನ ಮಾವ ಮಲ್ಪೆಯಿಂದ ಶಿವಮೊಗ್ಗಕ್ಕೆ ಪಿಕಪ್‌ನಲ್ಲಿ ಮೀನು ಸಾಗಿಸುತ್ತಾರೆ. ಅವತ್ತು ಬಂಗುಡೆ ಲೋಡು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ ಇಂಜಿನ್ ಬಂದ್. ಐದು ನಿಮಿಷ ಬಿಟ್ಟರೆ ಸ್ಟಾರ್ಟ್ ಆಗುತ್ತದೆ, ಎರಡು ತಿರುವು ಹೋದರೆ ಮತ್ತೆ ಬಂದ್. ಐಸು ಕರಗಿ, ಅರ್ಧ ಮೀನು ಸಿಕ್ಕಿದ ರೇಟಿಗೆ ಹೋಯಿತು. ಮೊದಲ ಗ್ಯಾರೇಜಿನವರು ಡೀಸೆಲ್ ಫಿಲ್ಟರ್ ಬದಲಿಸಿದರು. ಎರಡನೆಯವರು ಟ್ಯಾಂಕ್ ಇಳಿಸಿ ಪಂಪನ್ನೇ ಬದಲಿಸಿದರು. ಮಾರನೇ ವಾರ ಅದೇ ಘಾಟಿ, ಅದೇ ಕಥೆ.

“ನೀನು ಇಂಜಿನಿಯರಿಂಗ್ ಕಲಿಯುವುದಲ್ವಾ, ಇದೆಂತದು ಅಂತ ಹೇಳು ಮಾರಾಯ” ಅಂದರು ಮಾವ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಇದ್ದದ್ದು ಉಡುಪಿಯ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ. ಅವರು ಯಾವ ಪಾರ್ಟನ್ನೂ ಬಿಚ್ಚಲಿಲ್ಲ. ಪಂಪ್ ಓಡುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಮೊನೆಯನ್ನು ಪಂಪಿನ ಅರ್ಥ್ ವೈರಿಗೆ, ಇನ್ನೊಂದನ್ನು ಬ್ಯಾಟರಿ ನೆಗೆಟಿವ್‌ಗೆ ಇಟ್ಟರು. 1.6 ವೋಲ್ಟ್! ಅಲ್ಲಿ ಸೊನ್ನೆಗೆ ಹತ್ತಿರ ಇರಬೇಕಿತ್ತು. ಅರ್ಥ್ ವೈರ್ ಚಾಸಿಗೆ ಸೇರುವ ಬೋಲ್ಟು ಸರಿಯಾಗಿ ಮೀನಿನ ಬಾಕ್ಸಿನ ನೀರು ತೊಟ್ಟಿಕ್ಕುವ ಜಾಗದಲ್ಲಿತ್ತು. ಬಿಚ್ಚಿದರೆ ತಾಮ್ರದ ಮೇಲೆ ಹಸಿರು ಪುಡಿ, ಕಬ್ಬಿಣದ ಮೇಲೆ ಕೆಂಪು ತುಕ್ಕು.

ಲೆಕ್ಕ ನಮಗೆ ಗೊತ್ತಿರುವುದೇ. ಆ ಜೋಡಣೆಯಲ್ಲಿ 0.2 ಓಮ್ ರೆಸಿಸ್ಟೆನ್ಸ್, ಪಂಪ್ ಎಳೆಯುವುದು 8 ಆಂಪಿಯರ್ ಅಂದರೆ 1.6 ವೋಲ್ಟ್ ಅಲ್ಲೇ ನಷ್ಟ. ಸಮತಟ್ಟು ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ಘಾಟಿಯಲ್ಲಿ ಇಂಜಿನ್ ಹೆಚ್ಚು ಇಂಧನ ಕೇಳಿದಾಗ ಪಂಪ್ ಸೋಲುತ್ತದೆ. ಹೊಸ ಪಂಪ್ ಹಾಕಿದರೂ ಸೋಲುತ್ತದೆ. ಗಾಡಿ ಆಫ್ ಮಾಡಿ ಕಂಟಿನ್ಯುಯಿಟಿ ನೋಡಿದರೆ ಮೀಟರ್ ‘ಬೀಪ್’ ಅನ್ನುತ್ತದೆ, ಎಲ್ಲ ಸರಿ ಇದೆ ಅನಿಸುತ್ತದೆ. ಲೋಡ್ ಇರುವಾಗ ಅಳೆದರೆ ಮಾತ್ರ ಕಳ್ಳ ಸಿಗುವುದು.

ಇದು ನಮ್ಮ ಕರಾವಳಿಯ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ತುಂಬಾ ಓಡುವ ಪಿಕಪ್ ಫೋರ್ಡ್ ಎಫ್-150. ಅದರ 2004ರಿಂದ 2008ರವರೆಗಿನ ಮಾಡೆಲ್‌ಗಳಲ್ಲಿ ಫ್ಯೂಯಲ್ ಪಂಪಿನ ವೇಗ ನಿಯಂತ್ರಿಸುವ ಡ್ರೈವರ್ ಮಾಡ್ಯೂಲ್ ಇರುವುದು ಹಿಂದೆ, ಸ್ಟೆಪ್ನಿ ಟಯರಿನ ಮೇಲೆ. ಮಾಡ್ಯೂಲಿನ ಬೆನ್ನು ಅಲ್ಯೂಮಿನಿಯಂ, ಅದನ್ನು ಕೂರಿಸಿದ್ದು ನೇರವಾಗಿ ಉಕ್ಕಿನ ಫ್ರೇಮಿನ ಮೇಲೆ. ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಎರಡು ಲೋಹಗಳ ಸಂದಿಯಲ್ಲಿ ಸೇರಿಕೊಂಡು ಕೂತಿತು. ಮುಂದಿನದು ನಮ್ಮ ಎರಡು ಮಾರ್ಕಿನ ಉತ್ತರ. ಟೇಬಲ್‌ನಲ್ಲಿ ಅಲ್ಯೂಮಿನಿಯಂ -1.66 ವೋಲ್ಟ್, ಕಬ್ಬಿಣ -0.44. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಸಾಮಾನ್ಯವಾಗಿ ಅದನ್ನು ಕಾಪಾಡುತ್ತದೆ, ಆದರೆ ಕ್ಲೋರೈಡ್ ಆ ಪದರವನ್ನು ಒಡೆಯುತ್ತದೆ. ಬಿಳಿ ಪುಡಿ ಉಬ್ಬಿ, ಬೆನ್ನು ತೂತಾಗಿ, ನೀರು ಸರ್ಕ್ಯೂಟ್ ಬೋರ್ಡಿಗೆ ಇಳಿದು ಗಾಡಿ ನಿಂತುಬಿಡುತ್ತಿತ್ತು. ಅಲ್ಲೂ ಎಷ್ಟೋ ಜನ ಮೊದಲು ಅನುಮಾನಿಸಿದ್ದು ಪಂಪನ್ನು!

ಪರಿಹಾರ ಏನು ಗೊತ್ತಾ? ಬದಲಿಗೆ ಬಂದ ಮಾಡ್ಯೂಲ್‌ಗೆ ಚಿಕ್ಕ ಸ್ಟ್ಯಾಂಡ್-ಆಫ್‌ಗಳನ್ನು ಕೊಟ್ಟು, ಫ್ರೇಮಿಗೂ ಬೆನ್ನಿಗೂ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟರು. ಅಷ್ಟೇ.

ನನ್ನ ತಕರಾರು ಇರುವುದು ಇಲ್ಲೇ. ಇಷ್ಟು ಸಣ್ಣ ಗ್ಯಾಪ್ ಮೊದಲೇ ಯಾಕೆ ಇರಲಿಲ್ಲ? ಆ ಡ್ರಾಯಿಂಗ್ ಮಾಡಿದವರ ತಲೆಯಲ್ಲಿ ಏನಿತ್ತೋ ನಾನು ಹೇಳಲಾರೆ. ಆದರೆ ನಮ್ಮ ಕಾಲೇಜಿನಲ್ಲಿ ಏನು ನಡೆಯುತ್ತದೆ ಅಂತ ಹೇಳಬಲ್ಲೆ. ಪ್ರಾಜೆಕ್ಟ್ ಮಾಡುವಾಗ ಇಸಿಯವರು ಬೋರ್ಡ್ ಮಾಡಿ ಡಬ್ಬಿಗೆ ಹಾಕಿ ಕೊಡುತ್ತಾರೆ. ಮೆಕ್‌ನವರು ಜಾಗ ಸಿಕ್ಕಲ್ಲಿ ಬೋಲ್ಟ್ ಹಾಕುತ್ತಾರೆ. ಡಬ್ಬಿ ಮತ್ತು ಫ್ರೇಮಿನ ನಡುವಿನ ಆ ಒಂದು ಮಿಲಿಮೀಟರ್ ಯಾರ ಸಿಲಬಸ್‌ನಲ್ಲೂ ಇಲ್ಲ. ವೈವಾದಲ್ಲಿ ಕೇಳಿದರೆ “ಸರ್, ಐಪಿ 67 ಬಾಕ್ಸ್” ಅಂತೀವಿ. ಐಪಿ 67 ಅಂದರೆ 1 ಮೀಟರ್ ನೀರಲ್ಲಿ 30 ನಿಮಿಷ ತಡೆಯುತ್ತದೆ ಅಂತ. ಐದು ವರ್ಷ ಉಪ್ಪುನೀರು ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ. ಬಿಸಿಯಾದ ಡಬ್ಬಿಯ ಮೇಲೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳಬಹುದು ಅನ್ನುವುದನ್ನೂ ಹೇಳುವುದಿಲ್ಲ.

“ಇದೆಲ್ಲ ಮೆಕ್ಯಾನಿಕ್ ಕೆಲಸ, ನಮಗ್ಯಾಕೆ?” ಅಂತ ಹಾಸ್ಟೆಲಿನಲ್ಲಿ ಒಬ್ಬ ಗೆಳೆಯ ವಾದ ಮಾಡಿದ. ಮೆಕ್ಯಾನಿಕ್ ನೋಡಬಹುದಾದ ಜಾಗದಲ್ಲಿ ನಾವು ಅದನ್ನು ಇಟ್ಟರೆ ತಾನೇ ಅವರು ನೋಡುವುದು? ಟ್ಯಾಂಕ್ ಇಳಿಸದೆ ಕಾಣದ ಕನೆಕ್ಟರನ್ನು ಯಾವ ಸರ್ವಿಸಿನಲ್ಲೂ ಯಾರೂ ನೋಡುವುದಿಲ್ಲ. ಚೆಕ್ ಮಾಡಲು ಸುಲಭವೋ ಕಷ್ಟವೋ ಅನ್ನುವುದು ಡ್ರಾಯಿಂಗ್‌ನಲ್ಲೇ ತೀರ್ಮಾನ ಆಗಿರುತ್ತದೆ. ಆ ಡ್ರಾಯಿಂಗ್ ಮಾಡುವವರು ನಾಳೆ ನಾವೇ.

ಮನೆಯಲ್ಲಿ ಗಾಡಿ ಇರುವವರು ಈಗಲೇ ಮಾಡಬಹುದಾದದ್ದೂ ಇದೆ. ವರ್ಷಕ್ಕೆರಡು ಸಲ, ಮಳೆಗಾಲದ ಮೊದಲು ಮತ್ತು ನಂತರ, ಟಾರ್ಚ್ ಹಿಡಿದು ಕೆಳಗೆ ನುಗ್ಗಿ. ಕನೆಕ್ಟರ್ ಬಿಚ್ಚುವ ಮುಂಚೆ ಬ್ಯಾಟರಿ ನೆಗೆಟಿವ್ ತೆಗೆಯಿರಿ. ಹಸಿರು, ಬಿಳಿ ಪುಡಿ ಇದೆಯಾ, ರಬ್ಬರ್ ಸೀಲ್ ಹರಿದಿದೆಯಾ ನೋಡಿ. ಅರ್ಥ್ ಬೋಲ್ಟ್ ಬಿಚ್ಚಿ, ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿನಿಂದ ಗ್ರೀಸೋ ಪೇಂಟೋ ಹಚ್ಚಿ. ಮೊದಲೇ ಪೇಂಟ್ ಹಚ್ಚಿ ಬೋಲ್ಟ್ ಹಾಕಿದರೆ ಕರೆಂಟ್ ಹೋಗುವ ದಾರಿಯೇ ಮುಚ್ಚಿತು. ಕನೆಕ್ಟರಿನ ಸೀಲಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸಾಕು. ಕನೆಕ್ಟರಿಗೆ ಹೋಗುವ ವೈರ್ ಸ್ವಲ್ಪ ಕೆಳಗೆ ಬಾಗಿ ಮತ್ತೆ ಮೇಲೇರಲಿ, ಆಗ ನೀರು ಬಾಗಿದಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಪ್ರೆಶರ್ ವಾಶ್ ಮಾಡಿಸುವಾಗ ಗನ್ ಆ ಕಡೆ ಹಿಡಿಯಲು ಬಿಡಬೇಡಿ.

ಕಾಲೇಜಿಗೆ ನನ್ನದೊಂದು ಬೇಡಿಕೆ. ಆ ಎರಡು ಮಾರ್ಕಿನ ಪ್ರಶ್ನೆ ತೆಗೆದುಹಾಕಿ. ಬದಲಿಗೆ ಫಸ್ಟ್ ಇಯರಿನವರನ್ನು ಒಂದು ಮಧ್ಯಾಹ್ನ ಕಾಲೇಜ್ ಬಸ್ಸಿನ ಕೆಳಗೆ ಕಳಿಸಿ, ಇಸಿ ಒಬ್ಬ, ಮೆಕ್ ಒಬ್ಬ, ಕೈಯಲ್ಲಿ ಒಂದು ಮಲ್ಟಿಮೀಟರ್. ವೋಲ್ಟೇಜ್ ಡ್ರಾಪ್ ಅಳೆದು ಬರೆದುಕೊಂಡು ಬಂದವರಿಗೆ ಮಾರ್ಕ್ಸ್ ಕೊಡಿ.

ಮಾವನ ಗಾಡಿ ಈಗ ಘಾಟಿ ಹತ್ತುತ್ತಿದೆ. ಅರ್ಥ್ ಬೋಲ್ಟನ್ನು ಚಾಸಿಯ ಆಚೆ ಬದಿಗೆ, ನೀರು ಬೀಳದ ಕಡೆಗೆ ಹಾಕಿಸಿದ್ದಾರೆ. ಎಲೆಕ್ಟ್ರಿಷಿಯನ್ ತೆಗೆದುಕೊಂಡದ್ದು ನಾನೂರು ರೂಪಾಯಿ. ಸುಮ್ಮನೆ ಬಿಚ್ಚಿದ ಹಳೇ ಪಂಪು ಮಾವನ ಮನೆಯ ಜಗಲಿಯಲ್ಲಿ ಇನ್ನೂ ಇದೆ, ಒಂದು ಚೂರೂ ಕೆಟ್ಟಿಲ್ಲ.