ಪೆಟ್ಟಿಗೆ ಬದಲಿಸುವ ಮೊದಲು ಕಾರಣ ಕೇಳಿ

ಹೋದ ಮುಂಗಾರಿನಲ್ಲಿ, ಹೆಸರು ಬಿಡಿಸುವ ಹೊತ್ತಿಗೆ ಸರಿಯಾಗಿ, ನಮ್ಮ ಕಾರು ದಾರಿಯಲ್ಲಿ ನಿಂತಿತು. 2007ರ ಪೆಟ್ರೋಲ್ ಗಾಡಿ. ಅಣ್ಣಿಗೇರಿ ಕಡೆಯ ಎರೆಹೊಲದವರಿಗೆ ಹಳೆ ಕಾರೆಂದರೆ ಶೋಕಿಯಲ್ಲ. ಬೀಜ ತರುವುದು, ದಲಾಲಿ ಅಂಗಡಿಗೆ ಹೋಗುವುದು, ರಾತ್ರಿ ಯಾರಿಗಾದರೂ ಆರಾಮಿಲ್ಲದಿದ್ದರೆ ಹುಬ್ಬಳ್ಳಿ ಮುಟ್ಟುವುದು, ಎಲ್ಲಾ ಅದರಲ್ಲೇ.

ಎಂಜಿನ್ ನಾಲ್ಕರಲ್ಲಿ ಮೂರೇ ಸಿಲಿಂಡರಿನ ಮೇಲೆ ನಡುಗುತ್ತ ಓಡುತ್ತಿತ್ತು. ಬಿಸಿಯಾದ ಮೇಲೆ ಬಂದ್. ಮೆಕ್ಯಾನಿಕ್ ಹುಡುಗ ಪ್ಲಗ್ ಬದಲಿಸಿದ, ವೈರ್ ಅಲುಗಾಡಿಸಿದ, ಕೊನೆಗೆ ಹೇಳಿದ: "ಕಾಕಾ, ಕಂಪ್ಯೂಟರ್ ಹೋಗೇತ್ರಿ. ಪೆಟ್ಟಿಗೀನ ಬದಲಿ ಮಾಡಬೇಕು."

ಕಾರಿನೊಳಗೆ ಕಂಪ್ಯೂಟರ್ ಎಂದರೆ ಅಂಗೈಗಿಂತ ಸ್ವಲ್ಪ ದೊಡ್ಡ ಲೋಹದ ಪೆಟ್ಟಿಗೆ. ಎಂಜಿನ್ ಎಷ್ಟು ಬಿಸಿ ಇದೆ, ಎಷ್ಟು ಗಾಳಿ ಒಳಗೆ ಬರುತ್ತಿದೆ ಎಂಬುದನ್ನು ಸೆನ್ಸರ್‌ಗಳಿಂದ ತಿಳಿದು, ಎಷ್ಟು ಪೆಟ್ರೋಲ್ ಬಿಡಬೇಕು, ಕಿಡಿ ಯಾವಾಗ ಹಾರಿಸಬೇಕು ಎಂದು ಅದು ತೀರ್ಮಾನಿಸುತ್ತದೆ. ಕಾರ್ಬ್ಯುರೇಟರ್ ಇದ್ದಾಗ ಸ್ಕ್ರೂ ಡ್ರೈವರ್ ಹಿಡಿದು ನಾವೇ ಮಾಡುತ್ತಿದ್ದ ಕೆಲಸ ಇದರ ಪಾಲಾಗಿದೆ.

ಹೊಸ ಪೆಟ್ಟಿಗೆಯ ದರ ಕೇಳಿದರೆ ಗಾಡಿ ಮಾರಿದರೆ ಬರುವ ಹಣದ ಅರ್ಧಕ್ಕಿಂತ ಹೆಚ್ಚು. ಗುಜರಿಯಿಂದ ಹಳೇದನ್ನು ತರಿಸಿದೆ. ಹಾಕಿದ ಮೇಲೆ ಎಂಜಿನ್ ಚಾಲೂ ಆಗಲೇ ಇಲ್ಲ. ಕೀಲಿಯೊಳಗಿನ ಚಿಪ್ಪಿಗೂ ಪೆಟ್ಟಿಗೆಗೂ ಜೋಡಿ ಇರುತ್ತದೆ. ಬೇರೆ ಗಾಡಿಯ ಪೆಟ್ಟಿಗೆ ನಮ್ಮ ಕೀಲಿಯನ್ನು ಕಳ್ಳನದೆಂದು ತಿಳಿಯುತ್ತದೆ. ಜೋಡಿ ಮಾಡಿಸಲು ಮತ್ತೆ ದುಡ್ಡು. ಒಟ್ಟು ಹದಿನಾಲ್ಕು ಸಾವಿರ ಹೋಯಿತು. ಹತ್ತೊಂಬತ್ತನೆಯ ದಿನ ಮತ್ತೆ ಅದೇ ನಡುಗು, ಅದೇ ಮೂರು ಸಿಲಿಂಡರ್.

ಆಗ ಹುಬ್ಬಳ್ಳಿಯಲ್ಲಿ ಇಂಥ ಪೆಟ್ಟಿಗೆಗಳನ್ನೇ ಬಿಚ್ಚಿ ರಿಪೇರಿ ಮಾಡುವ ಒಬ್ಬರ ಬಳಿ ಎರಡನ್ನೂ ಒಯ್ದೆ. ಅವರು ಕೇಳಿದ ಮೊದಲ ಮಾತು: "ಪೆಟ್ಟಗಿ ಸತ್ತಿದ್ದು ಖರೇ ರೀ. ಕೊಂದಿದ್ದು ಯಾವುದು ಅಂತ ನೋಡೀರೇನು?"

ಯಾರೂ ನೋಡಿರಲಿಲ್ಲ. ಒಂದು ಇಗ್ನಿಷನ್ ಕಾಯಿಲ್ ಒಳಗೇ ಶಾರ್ಟ್ ಆಗಿತ್ತು. ನನ್ನ ಗಾಡಿಯಲ್ಲಿ ಕಾಯಿಲ್‌ನ ಕರೆಂಟನ್ನು ಬಿಟ್ಟು ಹಿಡಿಯುವ ಟ್ರಾನ್ಸಿಸ್ಟರ್ ಪೆಟ್ಟಿಗೆಯೊಳಗಿದೆ. ಕಾಯಿಲ್ ಶಾರ್ಟಾದರೆ ಅದರ ಮೇಲೆ ಮಿತಿ ಮೀರಿ ಕರೆಂಟ್ ಹರಿದು ಸುಡುತ್ತದೆ. ಮೊದಲ ಪೆಟ್ಟಿಗೆ ಸುಟ್ಟಿದ್ದು ಹಾಗೆ, ಎರಡನೆಯದನ್ನು ಅದೇ ಕಾಯಿಲ್ ಬಾಯಿಗೆ ನಾವೇ ಕೊಟ್ಟೆವು. ಅವರು ನನ್ನ ಮೂಲ ಪೆಟ್ಟಿಗೆಯಲ್ಲೇ ಟ್ರಾನ್ಸಿಸ್ಟರ್ ಬದಲಿಸಿದರು. ಕೀಲಿಯ ಜೋಡಿ ಅದರಲ್ಲೇ ಇದ್ದುದರಿಂದ ಆ ತಕರಾರೂ ಬರಲಿಲ್ಲ. ಹೊಸ ಕಾಯಿಲ್ ಸೇರಿ ಐದು ಸಾವಿರದ ಮುನ್ನೂರು. ಗಾಡಿ ಇಂದಿಗೂ ಓಡುತ್ತಿದೆ.

ಬೆಳೆ ಒಣಗಿದರೆ ನಾವು ಕಿತ್ತು ಬೇರು ನೋಡುತ್ತೇವೆ. ರೋಗ ತಿಳಿಯದೆ ಅದೇ ಮಣ್ಣಿಗೆ ಮತ್ತೆ ಸಸಿ ಹಚ್ಚುವುದಿಲ್ಲ. ಗಾಡಿಯ ವಿಷಯದಲ್ಲಿ ಮಾತ್ರ "ಕಂಪ್ಯೂಟರ್" ಎಂಬ ಶಬ್ದ ಕೇಳಿದೊಡನೆ ಬಾಯಿ ಮುಚ್ಚಿ ಕಿಸೆ ಬಿಚ್ಚುತ್ತೇವೆ.

ಇದಕ್ಕೆ ಮದ್ದು ನಮ್ಮ ಕೈಯಲ್ಲೂ ಇದೆ. ಪೆಟ್ಟಿಗೆಗೆ ಕೈ ಹಚ್ಚುವ ಮೊದಲು ಬ್ಯಾಟರಿ ನೋಡಿಸಿ: ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸುಮಾರು 14 ಇರಬೇಕು. ಬಾಡಿಗೆ ಬಿಗಿದ ಅರ್ಥಿಂಗ್ ಬೋಲ್ಟ್ ಬಿಚ್ಚಿ ತಿಕ್ಕಿ ಹಾಕಿಸಿ. ಫ್ಯೂಸು, ರಿಲೇ ನೋಡಿಸಿ. ವೈರನ್ನು ಇಲಿ ಕಡಿದಿದೆಯೋ ನೋಡಿ. ಹೊಟ್ಟು, ಕಾಳಿನ ಚೀಲದ ಪಕ್ಕ ನಿಲ್ಲುವ ಗಾಡಿಯಲ್ಲಿ ಇದು ಮಾಮೂಲು. ಸೆನ್ಸರ್‌ಗಳಿಗೆ ಪೆಟ್ಟಿಗೆಯಿಂದ ಹೋಗುವ 5 ವೋಲ್ಟ್ ಬಿದ್ದುಹೋಗಿದ್ದರೆ ಸೆನ್ಸರುಗಳನ್ನು ಒಂದೊಂದಾಗಿ ಬಿಚ್ಚಿ ನೋಡಲು ಹೇಳಿ. ಒಂದು ಕೆಟ್ಟ ಸೆನ್ಸರ್ ಇಡೀ ಪೆಟ್ಟಿಗೆಯನ್ನು ಸತ್ತಂತೆ ತೋರಿಸಬಲ್ಲದು. ಬದಲಿಸಲೇಬೇಕಾದರೆ ಮೇಲಿನ ಪಾರ್ಟ್ ನಂಬರ್ ಅಕ್ಷರಶಃ ಹೊಂದಬೇಕು, ಹಳೇ ಪೆಟ್ಟಿಗೆ ವಾಪಸು ನಿಮ್ಮ ಕೈಗೇ ಬರಬೇಕು. ಇನ್ನೊಂದು: ಗಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಕಳಚಿ. ಬೇರೆ ಬ್ಯಾಟರಿಯಿಂದ ಚಾಲೂ ಮಾಡುವಾಗ ಪ್ಲಸ್ಸು ಮೈನಸ್ಸು ಅದಲುಬದಲಾಗದಿರಲಿ.

ಆದರೆ ತಪ್ಪೆಲ್ಲ ಹಳ್ಳಿ ಮೆಕ್ಯಾನಿಕ್‌ನದು ಎಂದರೆ ಅನ್ಯಾಯ. ಅವನ ಕೈಯಲ್ಲಿ ಸರ್ಕಿಟ್ ನಕ್ಷೆ ಇಲ್ಲ, ಆ ಗಾಡಿಗೆ ತಕ್ಕ ಸ್ಕ್ಯಾನರ್ ಇಲ್ಲ. ಮಾಹಿತಿ ಕಂಪನಿಗಳ ಕಪಾಟಿನಲ್ಲಿದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿದ್ದು ಇದೇ ಕಾರಣಕ್ಕೆ: ಹೊರಗಿನ ಗ್ಯಾರೇಜುಗಳಿಗೆ ಬಿಡಿಭಾಗ, ತಪಾಸಣೆ ಸಾಧನ ಮುಕ್ತವಾಗಿ ಸಿಗದಂತೆ ಮಾಡಿದ್ದಾರೆಂದು. ಕಂಪನಿಗಳು ಮೇಲ್ಮನವಿಗೆ ಹೋದವು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ "ರಿಪೇರಿಯ ಹಕ್ಕು" ಪೋರ್ಟಲ್ ತೆರೆಯಿತು. ಅದರಲ್ಲಿ ವಾಹನವೂ ಇದೆ, ಕೃಷಿ ಯಂತ್ರವೂ ಇದೆ. ಒಳ್ಳೆಯದೇ, ಆದರೆ ಪೋರ್ಟಲ್ ಕಾನೂನಲ್ಲ. ಅಮೆರಿಕದ ಕೊಲೊರಾಡೋ ರಾಜ್ಯ 2023ರಲ್ಲಿ ಕಾನೂನನ್ನೇ ಮಾಡಿ, 2024ರ ಜನವರಿಯಿಂದ ಕೃಷಿ ಯಂತ್ರದ ಕೈಪಿಡಿ, ಸಾಧನ, ಬಿಡಿಭಾಗಗಳನ್ನು ರೈತನಿಗೂ ಹೊರಗಿನ ಮೆಕ್ಯಾನಿಕ್‌ಗೂ ಕೊಡಬೇಕೆಂದಿದೆ.

"ಕಾರಿನ ಮಾತು ನಮಗ್ಯಾಕ್ರಿ?" ಎನ್ನುವವರಿಗೆ ಒಂದು ಮಾತು. 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಗಿದೆ. ಅದರೊಂದಿಗೆ ಡೀಸೆಲ್ ಬಿಡುವ ಕೆಲಸವೂ ಕಂಪ್ಯೂಟರ್ ಪೆಟ್ಟಿಗೆಗೆ ಹೋಗುತ್ತಿದೆ. ಹೊಗೆ ಕಡಿಮೆಯಾಗಲಿ, ತಕರಾರಿಲ್ಲ. ಆದರೆ ಕಡಲೆ ಬಿತ್ತುವ ಹದ ನಾಲ್ಕು ದಿನ ಇರುವಾಗ ಟ್ರ್ಯಾಕ್ಟರ್ ನಿಂತರೆ, ನಗರದಿಂದ ಲ್ಯಾಪ್‌ಟಾಪ್ ಹಿಡಿದವರು ಬರುವವರೆಗೆ ಹದ ಕಾಯುವುದಿಲ್ಲ.

ಆದ್ದರಿಂದ ಕೊಳ್ಳುವಾಗಲೇ ಕೇಳೋಣ: ಕೆಟ್ಟರೆ ಹೊರಗಿನವರು ರಿಪೇರಿ ಮಾಡಬಹುದೇ, ಸರ್ಕಿಟ್ ನಕ್ಷೆ ಕೊಡುತ್ತೀರಾ, ಪೆಟ್ಟಿಗೆ ಬಿಡಿಯಾಗಿ ಎಷ್ಟಕ್ಕೆ ಸಿಗುತ್ತದೆ? ಉತ್ತರ ಬರೆಸಿಕೊಳ್ಳೋಣ. ನಮ್ಮ ಸಹಕಾರ ಸಂಘಗಳು ಒಂದು ಒಳ್ಳೆ ಸ್ಕ್ಯಾನರ್ ಕೊಂಡು, ಊರಿನ ಒಬ್ಬ ಹುಡುಗನಿಗೆ ತರಬೇತಿ ಕೊಡಿಸಿದರೆ ಅದು ಬೀಜ ಗೊಬ್ಬರ ಹಂಚಿದಷ್ಟೇ ಉಪಕಾರ.

ಸುಟ್ಟ ಎರಡನೆಯ ಪೆಟ್ಟಿಗೆ ನಮ್ಮ ಪಡಸಾಲೆಯ ಗೂಡಿನಲ್ಲಿದೆ. ಬಂದವರು ಏನಿದು ಅಂತ ಕೇಳುತ್ತಾರೆ. ಕೇಳದೆ ಕೊಟ್ಟ ಹದಿನಾಲ್ಕು ಸಾವಿರದ ರಸೀದಿ ಅಂತ ಹೇಳುತ್ತೇನೆ.