ತಂತಿಯಿಲ್ಲದ ಮನೆಯಲ್ಲಿ ನೀರು ಹೊರುವವರು ಯಾರು?

2024ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಹೆಲೀನ್ ಚಂಡಮಾರುತವು ಜಾರ್ಜಿಯಾ ಮತ್ತು ಕೆರೊಲೈನಾಗಳನ್ನು ಹಾದುಹೋದಾಗ ಲಕ್ಷಾಂತರ ಮನೆಗಳು ಕತ್ತಲಲ್ಲಿ ಮುಳುಗಿದವು. ಆಶ್‌ವಿಲ್ ನಗರದ ನಲ್ಲಿಗಳಲ್ಲಿ ಕುಡಿಯಲು ಯೋಗ್ಯವಾದ ನೀರು ಮರಳಿ ಬರಲು 53 ದಿನಗಳು ಬೇಕಾದವು. ಒಂದು ಗುಂಡಿ ಒತ್ತಿದರೆ ಬೆಳಕು, ಒಂದು ತಿರುಪು ತಿರುಗಿಸಿದರೆ ನೀರು ಎಂಬ ಭರವಸೆ ಎಷ್ಟು ತೆಳ್ಳಗಿನದು ಎಂಬುದನ್ನು ಆ ದಿನಗಳು ತೋರಿಸಿಕೊಟ್ಟವು. ಲಾರೆನ್ಸ್‌ವಿಲ್‌ನಂಥ ಊರಿನಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಿಗೆ ಉತ್ತರ ಜಾರ್ಜಿಯಾದ ಬೆಟ್ಟಗಳಲ್ಲಿ ಐದೋ ಹತ್ತೋ ಎಕರೆ ಕೊಂಡು, ಸೌರಫಲಕ ಹಾಕಿಸಿ, ಬಾವಿ ತೋಡಿಸಿ, ಯಾರ ಹಂಗೂ ಇಲ್ಲದೆ ಬದುಕಬೇಕೆಂಬ ಆಸೆ ಹುಟ್ಟಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಈ ಆಸೆಯನ್ನು ಹಗುರವಾಗಿ ಕಾಣಬೇಕಿಲ್ಲ. ತಿಂಗಳಿಗೆ ಸಾವಿರಕ್ಕೂ ಹೆಚ್ಚು ಯೂನಿಟ್ ವಿದ್ಯುತ್ ನುಂಗುವ ಮನೆಗಳ ನಡುವೆ ಕಡಿಮೆ ಬಳಸಿ ಬದುಕುವ ಸಂಕಲ್ಪಕ್ಕೆ ನೈತಿಕ ಬಲವಿದೆ. ಉಡುಪಿ ಜಿಲ್ಲೆಯ ಚೇರ್ಕಾಡಿ ರಾಮಚಂದ್ರ ರಾಯರಂಥ ಗಾಂಧಿವಾದಿಗಳು ಪುಟ್ಟ ಹಿಡುವಳಿಯಲ್ಲಿ ಉಳುಮೆಯಿಲ್ಲದೆ ಭತ್ತ ಬೆಳೆದು, ತಮ್ಮ ನೂಲನ್ನು ತಾವೇ ನೂತು ಅದನ್ನು ಬದುಕಿ ತೋರಿಸಿದ್ದಾರೆ. ಆದರೆ ಸ್ವಾವಲಂಬನೆಯ ನಿಜವಾದ ಪರೀಕ್ಷೆ ನಡೆಯುವುದು ಪ್ರಣಾಳಿಕೆಯಲ್ಲಲ್ಲ, ಬೆಳಗಿನ ಕೆಲಸದಲ್ಲಿ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆ ಕೆಲಸ ಯಾರದು?

ಲೆಕ್ಕ ಸರಳವಾಗಿದೆ. ನಾಲ್ವರ ಕುಟುಂಬ ಕುಡಿಯುವುದಕ್ಕೆ, ಅಡುಗೆಗೆ, ಸ್ನಾನಕ್ಕೆ, ಪಾತ್ರೆ ಬಟ್ಟೆಗೆ ದಿನಕ್ಕೆ ಇನ್ನೂರು ಲೀಟರ್ ನೀರಿನಲ್ಲಿ ಮಿತವಾಗಿ ಬದುಕುತ್ತದೆ ಎಂದುಕೊಂಡರೂ ಅದು ಇನ್ನೂರು ಕಿಲೋ ಭಾರ. ಹದಿನೈದು ಲೀಟರಿನ ಕೊಡದಲ್ಲಿ ತರುವುದಾದರೆ ಹದಿನಾಲ್ಕು ಸಲ ಬಾವಿಗೆ ಹೋಗಿಬರಬೇಕು. ಪಂಪು ನಡೆಯುವ ದಿನ ಈ ಭಾರ ಕಾಣುವುದಿಲ್ಲ. ನಾಲ್ಕು ದಿನ ಮೋಡ ಕವಿದು ಬ್ಯಾಟರಿ ಬರಿದಾದಾಗ ಅದು ಮತ್ತೆ ಯಾರದೋ ಸೊಂಟದ ಮೇಲೆ ಬಂದು ಕೂರುತ್ತದೆ. ಸೌದೆ ಒಡೆಯುವುದು, ಬೂದಿ ತೆಗೆಯುವುದು, ಕೋಳಿಗೂಡು ಗುಡಿಸುವುದು, ಮಲದ ಗೊಬ್ಬರ ಮಗುಚುವುದು, ಬೇಸಿಗೆಯ ತರಕಾರಿಯನ್ನು ಚಳಿಗಾಲಕ್ಕೆ ಕಾಪಿಡುವುದು: ಇವು ಒಂದು ದಿನ ಮುಗಿಯುವ ಕೆಲಸಗಳಲ್ಲ. ಮನೆಯ ಗಂಡಸು ಫಲಕದ ಕೋನವನ್ನೂ ಇನ್ವರ್ಟರಿನ ಅಂಕಿಗಳನ್ನೂ ನೋಡಿಕೊಳ್ಳುತ್ತ, ಪ್ರತಿದಿನ ಮರುಕಳಿಸುವ ಉಳಿದ ದುಡಿಮೆ ಹೆಂಗಸಿನ ಪಾಲಿಗೆ ಬರುವುದಾದರೆ ಅದನ್ನು ಸ್ವಾವಲಂಬನೆ ಎನ್ನಲಾಗದು. ಒಬ್ಬರ ಹಂಗು ಕಳಚಿದ್ದು ಇನ್ನೊಬ್ಬರ ಬೆನ್ನಿನ ಮೇಲೆ ಎಂದಷ್ಟೇ ಅದರ ಅರ್ಥ.

ಈ ಕನಸಿಗೆ ಅಜ್ಜಿಯ ಮನೆಯ ನೆನಪು ಬಣ್ಣ ತುಂಬುತ್ತದೆ. ಹಂಡೆಯ ಬಿಸಿನೀರು, ಒರಳುಕಲ್ಲು, ಕೊಟ್ಟಿಗೆ, ಹಿತ್ತಲು, ಬುಡ್ಡಿದೀಪ ಇವೆಲ್ಲ ಸೇರಿದ ಆ ಮನೆ ತನ್ನ ಕಾಲದಲ್ಲಿ ಅಕ್ಷರಶಃ ಆಫ್-ಗ್ರಿಡ್ ಮನೆಯೇ ಆಗಿತ್ತು. ಅಲ್ಲಿ ಕೋಳಿ ಕೂಗುವ ಮೊದಲೇ ಎದ್ದು ಒಲೆ ಹೊತ್ತಿಸುತ್ತಿದ್ದವಳು ಸೊಸೆ. ಉಳ್ಳವರ ಮನೆಯಾಗಿದ್ದರೆ ಕೊಟ್ಟಿಗೆಯ ಸಗಣಿ ಬಾಚುತ್ತಿದ್ದವನು, ಗದ್ದೆಗೆ ಗೊಬ್ಬರ ಹೊರುತ್ತಿದ್ದವನು ಸಾಲಕ್ಕೆ ಸಿಕ್ಕ ಜೀತದಾಳು. ಜೀತ ಪದ್ಧತಿಯನ್ನು ಕಾನೂನು ರದ್ದುಗೊಳಿಸಿದ್ದು 1976ರಲ್ಲಿ, ಅಂದರೆ ಇಂದಿನ ಅನೇಕ ವಲಸಿಗರ ತಂದೆತಾಯಿಯರ ಯೌವನದಲ್ಲಿ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಅಂಬೇಡ್ಕರ್ ಅವರು ಸ್ವಯಂಪೂರ್ಣ ಹಳ್ಳಿಯ ಆರಾಧನೆಯನ್ನು ನಿಷ್ಠುರವಾಗಿ ತಿರಸ್ಕರಿಸಿದ್ದು ಹಳ್ಳಿಯ ಮೇಲಿನ ದ್ವೇಷದಿಂದಲ್ಲ. ಆ ಸ್ವಯಂಪೂರ್ಣತೆಯ ತಳದಲ್ಲಿ ಯಾರಿದ್ದಾರೆಂದು ಅವರು ಬಲ್ಲವರಾಗಿದ್ದರು.

ಜಾರ್ಜಿಯಾದ ನೆಲದ ಕಥೆಯೂ ಇದಕ್ಕಿಂತ ಮುಗ್ಧವಾದುದಲ್ಲ. ಲಾರೆನ್ಸ್‌ವಿಲ್ ಸ್ಥಾಪನೆಗೊಂಡಿದ್ದು 1821ರಲ್ಲಿ. ಹತ್ತೇ ವರ್ಷಗಳ ಬಳಿಕ, 1831ರ ಸೆಪ್ಟೆಂಬರಿನಲ್ಲಿ, ಇದೇ ಊರಿನ ನ್ಯಾಯಾಲಯದಲ್ಲಿ ಸ್ಯಾಮ್ಯುಯೆಲ್ ವೂಸ್ಟರ್ ಮತ್ತು ಅವರ ಸಂಗಡಿಗರ ವಿಚಾರಣೆ ನಡೆಯಿತು. ಜಾರ್ಜಿಯಾದ ಪರವಾನಗಿಯಿಲ್ಲದೆ ಚೆರೊಕಿ ಜನರ ನಾಡಿನಲ್ಲಿ ನೆಲೆಸಿದ್ದರೆಂಬುದು ಆ ಧರ್ಮಪ್ರಚಾರಕರ ಮೇಲಿದ್ದ ಆರೋಪ. ದೊರೆತದ್ದು ನಾಲ್ಕು ವರ್ಷಗಳ ಕಠಿಣ ಶಿಕ್ಷೆ. ಮರುವರ್ಷ ಸುಪ್ರೀಂ ಕೋರ್ಟು ಆ ಶಾಸನಕ್ಕೆ ಚೆರೊಕಿ ನೆಲದಲ್ಲಿ ಬಲವಿಲ್ಲವೆಂದು ತೀರ್ಪಿತ್ತರೂ 1832ರಲ್ಲಿ ಆ ನೆಲ ಲಾಟರಿಯಲ್ಲಿ ಹಂಚಿಹೋಯಿತು, 1838ರಲ್ಲಿ ಜನರನ್ನು ಹೊರಗಟ್ಟಲಾಯಿತು. ಇಂದು ಏಕಾಂತದ ಜಮೀನು ಹುಡುಕುವವರು ಹೋಗುವ ಬೆಟ್ಟಸೀಮೆ ಅದೇ. ಮುಂದೆ ಈ ಭಾಗದ ಹೊಲಗಳಲ್ಲಿ ಬೇಸಾಯ ಹೇಗಿತ್ತೆಂಬುದಕ್ಕೆ ಗ್ವಿನೆಟ್ ಕೌಂಟಿಯ ಡುಲೂತ್‌ನಲ್ಲಿರುವ ಮ್ಯಾಕ್‌ಡ್ಯಾನಿಯಲ್ ಫಾರ್ಮ್ ಪಾರ್ಕ್ ಸಾಕ್ಷಿ. 1930ರ ದಶಕದ ಆ ಹೊಲಮನೆಯ ಜೊತೆಗೆ ಗೇಣಿದಾರನ ಪುಟ್ಟ ಮನೆಯನ್ನೂ ಅಲ್ಲಿ ಉಳಿಸಿಕೊಳ್ಳಲಾಗಿದೆ. ಸ್ವಾವಲಂಬಿ ರೈತನ ಚಿತ್ರದಲ್ಲಿ ಈ ಎರಡನೆಯ ಮನೆ ಸಾಮಾನ್ಯವಾಗಿ ಚೌಕಟ್ಟಿನ ಹೊರಗೇ ಉಳಿಯುತ್ತದೆ.

ಅಂಥ ಹೊಲಮನೆಗಳಿಗೆ ವಿದ್ಯುತ್ ಬಂದ ಬಗೆಯನ್ನು ಇಂದು ತಂತಿ ಕಡಿಯಬಯಸುವವರು ವಿಶೇಷವಾಗಿ ತಿಳಿಯಬೇಕು. 1930ರ ದಶಕದ ನಡುವಿನಲ್ಲಿ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಚದುರಿದ ಮನೆಗಳಿಗೆ ತಂತಿ ಎಳೆಯುವುದು ಲಾಭದಾಯಕವಲ್ಲವೆಂದು ಖಾಸಗಿ ಕಂಪನಿಗಳು ಕೈಚೆಲ್ಲಿದ್ದವು. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿ ರೈತರ ಸಹಕಾರ ಸಂಘಗಳಿಗೆ ಸಾಲ ನೀಡತೊಡಗಿತು. ಆ ಯೋಚನೆ ಹುಟ್ಟಿದ್ದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನ ತಮ್ಮ ಕುಟೀರಕ್ಕೆ ಬಂದ ದುಬಾರಿ ಬಿಲ್ಲಿನಿಂದ ಎಂದು ರೂಸ್‌ವೆಲ್ಟ್ 1938ರಲ್ಲಿ ಬಾರ್ನ್ಸ್‌ವಿಲ್‌ನಲ್ಲಿ ಹೇಳಿದರು. ಅದೇ ವರ್ಷ ಆರಂಭವಾದ ಜಾಕ್ಸನ್ ಇಎಂಸಿ ಎಂಬ ಸಹಕಾರ ಸಂಘವೇ ಇಂದು ಗ್ವಿನೆಟ್‌ನ ಹಲವು ಮನೆಗಳಿಗೆ ವಿದ್ಯುತ್ ಒದಗಿಸುತ್ತಿದೆ. ಪಂಪು, ಇಸ್ತ್ರಿಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರಗಳು ಹೊಲಮನೆಯ ಹೆಂಗಸರ ದಿನದಿಂದ ಇಳಿಸಿದ ಭಾರ ಸಣ್ಣದಲ್ಲ.

ಈ ಮಾದರಿ ಕರ್ನಾಟಕಕ್ಕೂ ಬಂದಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ನೋಂದಣಿಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳ ಒಕ್ಕೂಟದ ನೆರವಿನಿಂದ ಭಾರತದಲ್ಲಿ ಆರಂಭವಾದ ಮೊದಲ ಐದು ಪ್ರಾಯೋಗಿಕ ಸಂಘಗಳಲ್ಲಿ ಒಂದು. ಗ್ರಿಡ್ಡಿಗೆ ಜೋತುಬೀಳದ ದಾರಿಯಲ್ಲೂ ಕೂಡುದುಡಿಮೆಗೆ ಉದಾಹರಣೆಯಿದೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಅವರ 'ಅಸ್ತ್ರ' ತಂಡ 1980ರ ದಶಕದಲ್ಲಿ ಊರಿಗೆಲ್ಲ ಸೇರಿದ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. ಮನೆಗಳು ಸಗಣಿ ತಂದುಕೊಟ್ಟವು. ಅದರ ಅನಿಲದಿಂದ ಕೊಳವೆಬಾವಿಯ ಪಂಪು ನಡೆದು ಬೀದಿಯ ನಲ್ಲಿಗೆ ನೀರು ಬಂತು, ಮನೆಗಳಲ್ಲಿ ದೀಪ ಉರಿಯಿತು. ಮನೆಗೊಂದು ಸ್ಥಾವರವಾಗಿದ್ದರೆ ಸಾಕಷ್ಟು ದನಗಳಿದ್ದವರಿಗೆ ಮಾತ್ರ ಅದು ದಕ್ಕುತ್ತಿತ್ತು.

ಗ್ರಿಡ್ಡನ್ನು ಬಿಟ್ಟುಹೋಗುವ ಸ್ವಾತಂತ್ರ್ಯ ಬ್ಯಾಟರಿಗೂ ಜಮೀನಿಗೂ ಹಣವುಳ್ಳವರದು. ಅವರು ಹೊರನಡೆದರೆ ಕಂಬ ತಂತಿಗಳ ಖರ್ಚು ಹಿಂದುಳಿದವರ ಬಿಲ್ಲಿನಲ್ಲಿ ಏರುತ್ತದೆ. ಹಾಗೆ ಹೊರನಡೆದವರೂ ಪೂರ್ತಿ ಒಂಟಿಯಾಗುವುದಿಲ್ಲ: ಫಲಕವನ್ನು ಕಾರ್ಖಾನೆಯ ಕೆಲಸಗಾರರು ಜೋಡಿಸಿರುತ್ತಾರೆ, ಬ್ಯಾಟರಿಯ ಲೋಹವನ್ನು ದೂರದ ಗಣಿಗಳಲ್ಲಿ ಇನ್ಯಾರೋ ಅಗೆದಿರುತ್ತಾರೆ. ಹಂಗು ಹೋಗುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ.

ಆದ್ದರಿಂದ ಎರಡು ಕೆಲಸಗಳು ಆಗಬೇಕು. ಹಿತ್ತಲಲ್ಲಿ ಸೊಪ್ಪು ಬೆಳೆಯುವ, ಛಾವಣಿಯಲ್ಲಿ ಫಲಕ ಹಾಕಿಸುವ, ನಾಳೆ ಬೆಟ್ಟಕ್ಕೇ ಹೋಗಿ ನೆಲೆಸುವ ಕುಟುಂಬ ಮೊದಲು ದಿನದ ಕೆಲಸಗಳ ಪಟ್ಟಿ ಬರೆದು, ಪ್ರತಿಯೊಂದರ ಮುಂದೆ ಹೆಸರು ಬರೆಯಲಿ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಜಮೀನು ಕೊಳ್ಳುವ ಮೊದಲು ಆ ಪಟ್ಟಿಯನ್ನು ತಿದ್ದಲಿ. ಎರಡನೆಯದು, ಇರುವ ತಂತಿಯ ಮೇಲೆ ಹಕ್ಕು ಚಲಾಯಿಸುವುದು. ಲಾರೆನ್ಸ್‌ವಿಲ್‌ನಲ್ಲಿ ನಗರಾಡಳಿತವೇ ವಿದ್ಯುತ್ ಮಾರುತ್ತದೆ. ಜಾರ್ಜಿಯಾ ಪವರ್ ಕಂಪನಿಯ ದರಗಳನ್ನು ಒಪ್ಪುವ ಆಯೋಗವನ್ನು ಮತದಾರರೇ ಆರಿಸುತ್ತಾರೆ. ಸಹಕಾರ ಸಂಘದ ಗ್ರಾಹಕರಂತೂ ಅದರ ಸದಸ್ಯರು, ಆಡಳಿತ ಮಂಡಳಿಯ ಚುನಾವಣೆಯಲ್ಲಿ ಮತವುಳ್ಳವರು. ಅಲ್ಲಿ ಸದಸ್ಯತ್ವ ಬರುವುದು ವಿದ್ಯುತ್ ಸಂಪರ್ಕದಿಂದ, ಪೌರತ್ವದಿಂದಲ್ಲ. ಹಸಿರು ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತಿರುವ, ಬೇರೆಲ್ಲೂ ಮತವಿಲ್ಲದ ವಲಸಿಗರಿಗೆ ಈ ದೇಶದಲ್ಲಿ ದಕ್ಕುವ ಮೊದಲ ಮತ ಇದೇ ಆಗಿರಬಹುದು. ಸಂಘದ ವಾರ್ಷಿಕ ಸಭೆಯ ಕರೆಯೋಲೆ ಬಂದಾಗ ಅದನ್ನು ಕಸದ ಬುಟ್ಟಿಗೆ ಹಾಕದೆ, ಸಭೆಗೆ ಹೋಗಿ, ಸೌರವಿದ್ಯುತ್ತನ್ನು ಬಡ ಮನೆಗಳಿಗೂ ಹಂಚುವ ಬಗೆ ಏನೆಂದು ಕೇಳಬೇಕು.