ಖಾತೆ ಕೊಟ್ಟರು, ಕುರ್ಚಿ ಕೊಡಲಿಲ್ಲ

ಹೊಸ ಸರ್ಕಾರದ ಖಾತೆ ಹಂಚಿಕೆ ಪಟ್ಟಿ ರಾಜಭವನದಿಂದ ಹೊರಬೀಳುವ ಮೊದಲೇ ಅದರ ಒಂದು ಸಾಲನ್ನು ಯಾರು ಬೇಕಾದರೂ ಬರೆದಿಡಬಹುದು. ಸಂಪುಟದಲ್ಲಿ ಹೆಣ್ಣುಮಗಳೊಬ್ಬಳಿದ್ದರೆ ಮಹಿಳಾ ಮತ್ತು ಮಕ್ಕಳ ಇಲಾಖೆ ಬಹುತೇಕ ಅವಳದೇ. ಮೋಟಮ್ಮ, ಉಮಾಶ್ರೀ, ಜಯಮಾಲಾ, ಶಶಿಕಲಾ ಜೊಲ್ಲೆ, ಲಕ್ಷ್ಮೀ ಹೆಬ್ಬಾಳಕರ್. ಪಕ್ಷ ಬದಲಾಯಿತು, ಮುಖ್ಯಮಂತ್ರಿ ಬದಲಾದರು, ಖಾತೆ ಮಾತ್ರ ಅದೇ. 2023ರ ಮೇ ತಿಂಗಳಲ್ಲಿ 34 ಜನರ ಸಂಪುಟ ಭರ್ತಿಯಾದಾಗ ಅದರಲ್ಲಿದ್ದ ಮಹಿಳೆ ಒಬ್ಬರೇ. ಶೋಭಾ ಕರಂದ್ಲಾಜೆಯವರ ಕೈಗೆ ಗ್ರಾಮೀಣಾಭಿವೃದ್ಧಿ, ಆಮೇಲೆ ಇಂಧನ ಬಂದದ್ದು ಎತ್ತಿ ಹೇಳಬೇಕಾದ ಅಪವಾದ. ಗೃಹಲಕ್ಷ್ಮಿ ಯೋಜನೆ ಬಂದ ಮೇಲೆ ಮಹಿಳಾ ಇಲಾಖೆಯೇನೂ ಸಣ್ಣದಲ್ಲ ಎಂದು ಯಾರಾದರೂ ವಾದಿಸಬಹುದು. ಸರಿ, ಹಣ ದೊಡ್ಡದೇ. ಆದರೆ ಯಾರಿಗೆ ಎಷ್ಟು ಎಂಬುದು ಇಲಾಖೆಯಲ್ಲಿ ಕೂತು ಮಾಡಿದ ತೀರ್ಮಾನವಲ್ಲ, ಚುನಾವಣಾ ಪ್ರಣಾಳಿಕೆಯಲ್ಲೇ ಅಚ್ಚಾಗಿ ಬಂದದ್ದು.

ಸಂಪುಟದಲ್ಲಿ ಎಷ್ಟು ಮಹಿಳೆಯರಿದ್ದಾರೆ ಎಂದು ತಲೆ ಎಣಿಸುವ ನಮ್ಮ ಅಭ್ಯಾಸ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಯಾವ ಖಾತೆ ಕೊಟ್ಟರು ಎಂದು ಮೊದಲು ಕೇಳಬೇಕು. ಹಾಗೆ ಕೇಳಿದರೆ ಏನು ತಿಳಿಯುತ್ತದೆ ಎಂಬುದಕ್ಕೆ ಪಕ್ಕದ ಕೇರಳದ ಕೆ.ಆರ್. ಗೌರಿಯಮ್ಮನವರ ರಾಜಕೀಯ ಬದುಕಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

1957ರ ಏಪ್ರಿಲ್ 5ರಂದು ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರ ಪ್ರಮಾಣವಚನ ಸ್ವೀಕರಿಸಿತು. ಹನ್ನೊಂದು ಜನರ ಆ ಸಂಪುಟದಲ್ಲಿ ಇದ್ದ ಒಬ್ಬಳೇ ಹೆಂಗಸಿಗೆ 37 ವರ್ಷ. ಸಮಾಜ ಕಲ್ಯಾಣ ಕೊಟ್ಟು ಕೂರಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕೊಟ್ಟದ್ದು ಕಂದಾಯ. ಜನ್ಮಿಗಳ, ಅಂದರೆ ದೊಡ್ಡ ಭೂಮಾಲೀಕರ ಹಿಡಿತದಲ್ಲಿದ್ದ, ಒಕ್ಕಲು ಎದ್ದು ನಿಂತರೆ ಗುಡಿಸಲೇ ಕಿತ್ತುಹೋಗುತ್ತಿದ್ದ ಆ ರಾಜ್ಯದಲ್ಲಿ, ಕಮ್ಯುನಿಸ್ಟರು ಗೆದ್ದದ್ದೇ ಭೂಮಿಯ ಮಾತಿನ ಮೇಲೆ. ಅಂದರೆ ಪಕ್ಷ ತನ್ನ ಮಾನವನ್ನೇ ಆಕೆಯ ಕೈಗೆ ಕೊಟ್ಟಿತ್ತು.

ಆಕೆ ಯಾರು? ಆಲಪ್ಪುಳದ ಪಟ್ಟಣಕ್ಕಾಡಿನಲ್ಲಿ 1919ರಲ್ಲಿ ಹುಟ್ಟಿದ ಈಳವ ಕುಟುಂಬದ ಮಗಳು. ಕಾನೂನು ಓದಿ ಚೇರ್ತಲದಲ್ಲಿ ವಕೀಲಿಕೆಗೆ ನಿಂತವರು. ಅಣ್ಣ ಕಾರ್ಮಿಕ ಸಂಘಟನೆಯಲ್ಲಿದ್ದ, ತಂಗಿಯೂ ಅದೇ ದಾರಿ ಹಿಡಿದಳು. ಪುನ್ನಪ್ರ-ವಯಲಾರಿನ ಕಾರ್ಮಿಕರ ಬಂಡಾಯದ ಮೇಲೆ 1946ರಲ್ಲಿ ಗುಂಡು ಹಾರಿದ್ದು ಅವರ ಊರಿನ ಆಸುಪಾಸಿನಲ್ಲೇ. ಜೈಲು ಕಂಡರು, ಪೊಲೀಸರ ಏಟು ತಿಂದರು. ಲಾಠಿಗೆ ಬಸಿರು ಮಾಡುವ ಶಕ್ತಿ ಇದ್ದಿದ್ದರೆ ನಾನು ಎಷ್ಟೋ ಲಾಠಿ ಮರಿಗಳನ್ನು ಹೆರುತ್ತಿದ್ದೆ ಎಂಬ ಅರ್ಥದ ಅವರ ಮಾತು ಮಲಯಾಳಿಗಳಿಗೆಲ್ಲ ಗೊತ್ತು. ಇಂಥ ಮಾತನ್ನು ತಡವರಿಸದೆ ಆಡಬಲ್ಲ ಹೆಂಗಸನ್ನು ಕಂಡರೆ ಪಕ್ಷದ ಗಂಡಸರಿಗೆ ಮೆಚ್ಚುಗೆಯೂ ಇತ್ತು, ಅಂಜಿಕೆಯೂ ಇತ್ತು. ಅದರ ಫಲ ಮುಂದೆ ಬಂತು.

ಪ್ರಮಾಣವಚನವಾಗಿ ಆರೇ ದಿನಕ್ಕೆ, ಏಪ್ರಿಲ್ 11ರಂದು, ಗೇಣಿದಾರರನ್ನೂ ಗುಡಿಸಲುವಾಸಿಗಳನ್ನೂ ಒಕ್ಕಲೆಬ್ಬಿಸುವುದಕ್ಕೆ ತಡೆ ಹಾಕಿ ಸುಗ್ರೀವಾಜ್ಞೆ ಹೊರಬಿತ್ತು. ಇದರ ಜಾಣತನ ಗಮನಿಸಬೇಕು. ಭೂಮಸೂದೆ ಬರುತ್ತದೆ ಎಂದು ಸುದ್ದಿಯಾದರೆ ಸಾಕು, ಕಾನೂನು ಬರುವಷ್ಟರಲ್ಲಿ ಭೂಮಾಲೀಕರು ಗೇಣಿದಾರರನ್ನೆಲ್ಲ ಹೊರಹಾಕಿ ಜಮೀನು ಸ್ವಂತ ಸಾಗುವಳಿಯಲ್ಲಿದೆ ಎಂದು ಕಾಗದ ಮಾಡಿಸಿಕೊಳ್ಳುತ್ತಾರೆ. ದೇಶದ ಎಷ್ಟೋ ರಾಜ್ಯಗಳಲ್ಲಿ ಆದದ್ದು ಅದೇ. ಗೌರಿಯಮ್ಮ ಮೊದಲು ಬಾಗಿಲು ಹಾಕಿ ಆಮೇಲೆ ಕಾನೂನು ಬರೆಯಲು ಕೂತರು. ಅದೇ ಡಿಸೆಂಬರಿನಲ್ಲಿ ಕೃಷಿ ಸಂಬಂಧಗಳ ಮಸೂದೆಯನ್ನು ಸದನದ ಮುಂದಿಟ್ಟರು. ಅದು ಅಂಗೀಕಾರವಾಗಲು 1959ರ ಜೂನ್ ಆಯಿತು. ಜುಲೈ 31ಕ್ಕೆ ಕೇಂದ್ರ ಆ ಸರ್ಕಾರವನ್ನೇ ವಜಾ ಮಾಡಿತು.

ಮಸೂದೆಯ ಮುಂದಿನ ಕತೆಯಲ್ಲಿ ಕನ್ನಡದವರಿಗೆ ಸಂಬಂಧಪಟ್ಟ ಒಂದು ಅಧ್ಯಾಯವಿದೆ. ನಮ್ಮಲ್ಲಿ ಅದನ್ನು ನೆನೆಯುವವರು ಕಡಿಮೆ. ಮುಂದಿನ ಸರ್ಕಾರ ಮಸೂದೆಯನ್ನು ಅಷ್ಟಿಷ್ಟು ತಿದ್ದಿ ಕಾಯ್ದೆ ಮಾಡಿತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕಾಸರಗೋಡು ಮತ್ತು ಹೊಸದುರ್ಗ ತಾಲ್ಲೂಕುಗಳ ಜಮೀನುದಾರರು. (ಇದು ಕಾಞಂಗಾಡಿನ ಹೊಸದುರ್ಗ, ಚಿತ್ರದುರ್ಗದ್ದಲ್ಲ.) 1956ರವರೆಗೆ ಈ ಜಮೀನೆಲ್ಲ ದಕ್ಷಿಣ ಕನ್ನಡ ಜಿಲ್ಲೆಯ ರೈತವಾರಿ ಭೂಮಿ. ರೈತವಾರಿ ಭೂಮಿ ಸಂವಿಧಾನ ಹೇಳುವ ‘ಎಸ್ಟೇಟ್’ ಆಗುವುದಿಲ್ಲ, ಆದ್ದರಿಂದ ಭೂಸುಧಾರಣೆಯ ಕಾನೂನುಗಳನ್ನು ಮೂಲಭೂತ ಹಕ್ಕಿನ ತಕರಾರಿನಿಂದ ಕಾಯುವ 31ಎ ವಿಧಿಯ ರಕ್ಷಣೆ ಈ ಕಾಯ್ದೆಗೆ ಇಲ್ಲ ಎಂದಿತು ಕೋರ್ಟು. ಚಹಾ, ಕಾಫಿ, ರಬ್ಬರ್ ತೋಟಗಳಿಗೆ ವಿನಾಯಿತಿ ಕೊಟ್ಟು ಅಡಿಕೆ, ಕಾಳುಮೆಣಸಿನ ತೋಟಗಳಿಗೆ ಕೊಡದಿರುವುದು ತಾರತಮ್ಯ ಎಂದೂ ಹೇಳಿತು. 1961ರ ಡಿಸೆಂಬರಿನ ಆ ತೀರ್ಪಿನಿಂದ ಎದ್ದ ತೊಡಕನ್ನು ಬಿಡಿಸಲು 1964ರಲ್ಲಿ ಸಂವಿಧಾನಕ್ಕೆ 17ನೇ ತಿದ್ದುಪಡಿಯೇ ಬೇಕಾಯಿತು. ಗೌರಿಯಮ್ಮ ಹಚ್ಚಿದ ಕಿಡಿ ದೆಹಲಿಯವರೆಗೆ ಹೋದದ್ದು ನಮ್ಮ ಅಡಿಕೆ ತೋಟದ ಮೂಲಕ!

1967ರಲ್ಲಿ ಇ.ಎಂ.ಎಸ್. ಮತ್ತೆ ಮುಖ್ಯಮಂತ್ರಿ, ಗೌರಿಯಮ್ಮ ಮತ್ತೆ ಕಂದಾಯ ಸಚಿವೆ. ಹತ್ತು ವರ್ಷದ ಹಿಂದೆ ಕೈತಪ್ಪಿದ್ದನ್ನು ಈ ಬಾರಿ ಬಿಡಲಿಲ್ಲ. 1969ರ ತಿದ್ದುಪಡಿ ಕಾಯ್ದೆ 1970ರ ಜನವರಿ 1ರಿಂದ ಜಾರಿಗೆ ಬಂತು. ಅಷ್ಟು ಹೊತ್ತಿಗೆ ಆ ಸರ್ಕಾರವೂ ಬಿದ್ದು ಅಚ್ಯುತ ಮೆನನ್ ಬಂದಿದ್ದರು ಎಂಬುದು ಬೇರೆ ಮಾತು. ಜನ್ಮಿ ಪದ್ಧತಿ ಹೋಯಿತು, ಗೇಣಿ ಹೋಯಿತು, ಪಂಚಾಯಿತಿ ಪ್ರದೇಶದ ಗುಡಿಸಲುವಾಸಿಗೆ ಕಾಲಡಿಯ 10 ಸೆಂಟ್ಸ್ ನೆಲ ದಕ್ಕಿತು. ಗಡಿಯ ಈಚೆ ದಕ್ಷಿಣ ಕನ್ನಡದ ಗೇಣಿದಾರ ದೇವರಾಜ ಅರಸರ ಕಾನೂನಿಗಾಗಿ 1974ರ ಮಾರ್ಚ್‌ವರೆಗೆ ಕಾಯಬೇಕಾಯಿತು.

ಈ ಕಾಯ್ದೆಯನ್ನು ಪೂರ್ತಿ ಹೊಗಳಿ ಕೈತೊಳೆದುಕೊಳ್ಳುವಂತಿಲ್ಲ. ದೊಡ್ಡ ಪ್ಲಾಂಟೇಷನ್‌ಗಳು ಹೊರಗುಳಿದವು. ದಲಿತರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಗುಡಿಸಲಿನ ನೆಲ, ಉಳುವ ಹೊಲವಲ್ಲ. ಆದಿವಾಸಿಗಳ ಪಾಲಿಗಂತೂ ಕಳೆದುಹೋದದ್ದು ತಿರುಗಿ ಬರಲೇ ಇಲ್ಲ. ಆದಿವಾಸಿಗಳು ಕಳೆದುಕೊಂಡ ಭೂಮಿಯನ್ನು ವಾಪಸ್ ಕೊಡಿಸಬೇಕೆಂಬ 1975ರ ಕಾಯ್ದೆಯನ್ನು ಸಡಿಲಿಸುವ ಮಸೂದೆ 1996ರಲ್ಲಿ ಕೇರಳ ವಿಧಾನಸಭೆಗೆ ಬಂದಾಗ ಎಡ, ಬಲ ಎರಡೂ ಬಣ ಒಂದಾದವು. ವಿರೋಧಿಸಿದ ಸದಸ್ಯೆ ಒಬ್ಬರೇ, ಗೌರಿಯಮ್ಮ. ಕಂದಾಯ ಖಾತೆ ಬಿಟ್ಟು ಎಷ್ಟೋ ವರ್ಷವಾಗಿತ್ತು, ವಯಸ್ಸು 77 ಆಗಿತ್ತು. ನನಗೆ ಅವರ ಇಡೀ ಬದುಕಿನಲ್ಲಿ ಅತಿ ಎತ್ತರದ ಗಳಿಗೆ ಇದೇ ಅನ್ನಿಸುತ್ತದೆ, ಮಂತ್ರಿಯಾಗಿದ್ದಾಗ ಮಾಡಿದ್ದೆಲ್ಲಕ್ಕಿಂತಲೂ.

ಮನೆಯ ಕತೆಯನ್ನು ನಮ್ಮ ಪತ್ರಿಕೆಗಳು ಬೇಕಾದಷ್ಟು ಬರೆದಿವೆ, ಇಲ್ಲಿ ಎರಡು ಮಾತು ಸಾಕು. 1957ರಲ್ಲೇ ಸಂಪುಟದ ಸಹೋದ್ಯೋಗಿ ಟಿ.ವಿ. ಥಾಮಸ್ ಅವರನ್ನು ಮದುವೆಯಾದರು. 1964ರಲ್ಲಿ ಪಕ್ಷ ಒಡೆದಾಗ ಗಂಡ ಸಿಪಿಐನಲ್ಲಿ ಉಳಿದರು, ಹೆಂಡತಿ ಸಿಪಿಎಂಗೆ ಹೋದರು. 1967ರ ಸಂಪುಟದಲ್ಲಿ ಇಬ್ಬರೂ ಬೇರೆ ಬೇರೆ ಪಕ್ಷದ ಮಂತ್ರಿಗಳು. ದಾಂಪತ್ಯ ಉಳಿಯಲಿಲ್ಲ. ಪಕ್ಷಕ್ಕಾಗಿ ಸಂಸಾರ ಬಿಟ್ಟ ಗಂಡಸನ್ನು ತ್ಯಾಗಿ ಅನ್ನುವ ಜನ ಇವರ ವಿಷಯದಲ್ಲಿ ಮಾತ್ರ ಅಯ್ಯೋ ಪಾಪ ಅಂದರು.

ಈಗ 1987ಕ್ಕೆ ಬರೋಣ. ಆ ಚುನಾವಣೆಯಲ್ಲಿ ಕೇರಳದ ಬೀದಿಗಳಲ್ಲಿ ಕೇಳಿಬಂದ ಪ್ರಾಸಬದ್ಧ ಘೋಷಣೆಯ ಸಾರ ಇಷ್ಟು: ತೆಂಗಿನ ನಾಡನ್ನು ಇನ್ನು ಗೌರಿ ಆಳುತ್ತಾಳೆ. ಎಡರಂಗ ಗೆದ್ದಿತು. ಶಾಸಕಾಂಗ ಪಕ್ಷದ ನಾಯಕನ ಹೆಸರು ಹೊರಬಿದ್ದಾಗ ಅದು ಇ.ಕೆ. ನಾಯನಾರ್. ಗೌರಿಯಮ್ಮನವರಿಗೆ ಕೈಗಾರಿಕೆ. ಸಿಟ್ಟಿನಲ್ಲೂ ಕೆಲಸ ಬಿಡುವ ಜಾಯಮಾನ ಅವರದಲ್ಲ. ತಿರುವನಂತಪುರದ ಟೆಕ್ನೋಪಾರ್ಕ್ ತಲೆಯೆತ್ತಿದ್ದು ಆ ಸರ್ಕಾರದ ಕಾಲದಲ್ಲಿ, ಅವರು ಕೈಗಾರಿಕಾ ಸಚಿವೆಯಾಗಿದ್ದಾಗ. ಜನ್ಮಿಯನ್ನು ಇಳಿಸಿದ ಕೈಯೇ ಕಂಪ್ಯೂಟರಿಗೆ ಜಾಗ ಮಾಡಿತು. ಆದರೆ ಕುರ್ಚಿ ತಪ್ಪಿದ ಆ ಗಾಯ ಕೊನೆಯವರೆಗೂ ಮಾಯಲಿಲ್ಲ.

ಮುಖ್ಯಮಂತ್ರಿ ಪದವಿ ಯಾಕೆ ಕೊಡಲಿಲ್ಲ ಎಂಬುದಕ್ಕೆ ಹಲವು ಉತ್ತರಗಳಿವೆ. ಜಾತಿ ಎಂದವರಿದ್ದಾರೆ. ಸ್ವಭಾವ ಎಂದವರಿದ್ದಾರೆ: ಮುಂಗೋಪಿ, ಯಾರ ಮಾತನ್ನೂ ಕೇಳುವವರಲ್ಲ, ಅಧಿಕಾರಿಗಳು ನಡುಗುತ್ತಾರೆ. ಅದೆಲ್ಲ ಸುಳ್ಳೇನಲ್ಲ, ಗೌರಿಯಮ್ಮ ಸೌಮ್ಯ ಮೂರ್ತಿಯಾಗಿರಲಿಲ್ಲ. ಆದರೆ ಈ ಸ್ವಭಾವ 1957ರಲ್ಲೂ ಇತ್ತಲ್ಲ? ಜನ್ಮಿಗಳ ಎದುರು ನಿಲ್ಲಲು ಆಗ ಅದೇ ಬೇಕಾಗಿತ್ತು. ಒರಟು ಕೆಲಸ ಇರುವತನಕ ಒರಟುತನ ಗುಣ, ಫಲ ಹಂಚುವ ಹೊತ್ತಿಗೆ ಅದೇ ದೋಷ. ನನ್ನ ಅಂದಾಜು ಇಷ್ಟೇ. ಖಾತೆ ಇನ್ನೊಬ್ಬರು ಕೊಡುವಂಥದ್ದು, ಕೊಟ್ಟವರು ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು. ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತವರು ಕೊಡುವವರಾಗುತ್ತಾರೆ. ಆಕೆಯ ಕೈಯಿಂದ ತೆಗೆದುಕೊಳ್ಳಲು ಪಕ್ಷದ ಹಿರಿಯರು ತಯಾರಿರಲಿಲ್ಲ. ಸಿಪಿಎಂನ ಪಾಲಿಟ್‌ಬ್ಯೂರೊಗೆ ಮೊದಲ ಮಹಿಳೆಯಾಗಿ ಬೃಂದಾ ಕಾರಟ್ ಬಂದದ್ದು 2005ರಲ್ಲಿ, ಪಕ್ಷ ಹುಟ್ಟಿ 41 ವರ್ಷಕ್ಕೆ. ಹಾಗಿರುವಾಗ 1987ರ ತೀರ್ಮಾನದಲ್ಲಿ ಆಶ್ಚರ್ಯಪಡುವಂಥದ್ದೇನಿದೆ?

ಬೇರೆ ಪಕ್ಷಗಳೇನೂ ಮೇಲಲ್ಲ. ಜಯಲಲಿತಾ, ಮಾಯಾವತಿ, ಮಮತಾ ಬ್ಯಾನರ್ಜಿ ಮುಖ್ಯಮಂತ್ರಿಗಳಾದರು, ಆದರೆ ಪಕ್ಷ ಅವರ ಕೈಯಲ್ಲೇ ಇತ್ತು. ಇನ್ನೊಬ್ಬರ ಪಕ್ಷದಲ್ಲಿದ್ದು ಸತತ ಮೂರು ಅವಧಿ ಆಳಿದ ಶೀಲಾ ದೀಕ್ಷಿತ್ ತೀರಾ ಅಪರೂಪ. ನಮ್ಮಲ್ಲಿ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ ಏಳು ಸಲ ಗೆದ್ದವರು, 1972ರಲ್ಲಿ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದವರು. ಮುಖ್ಯಮಂತ್ರಿ ಹುದ್ದೆಯ ಚರ್ಚೆಯಲ್ಲಿ ಅವರ ಹೆಸರು ಎದ್ದಿತೇ? ನಾನಂತೂ ಓದಿಲ್ಲ.

1994ರ ಜನವರಿ 1ರಂದು ಸಿಪಿಎಂ ಗೌರಿಯಮ್ಮನವರನ್ನು ಉಚ್ಚಾಟಿಸಿತು. ಕಾಂಗ್ರೆಸ್ ಸರ್ಕಾರ ರಚಿಸಿದ ಆಲಪ್ಪುಳ ಅಭಿವೃದ್ಧಿ ಮಂಡಳಿಯ ಹೊಣೆ ಒಪ್ಪಿಕೊಂಡದ್ದು ತಪ್ಪುಗಳ ಪಟ್ಟಿಯಲ್ಲಿತ್ತು. 74ರ ವಯಸ್ಸಿನಲ್ಲಿ ಅವರು ಜನಾಧಿಪತ್ಯ ಸಂರಕ್ಷಣ ಸಮಿತಿ (ಜೆಎಸ್ಎಸ್) ಎಂಬ ಪಕ್ಷ ಕಟ್ಟಿ ಕಾಂಗ್ರೆಸ್ ರಂಗ ಸೇರಿದರು. 2001ರಿಂದ 2006ರವರೆಗೆ ಎ.ಕೆ. ಆಂಟನಿ, ಉಮ್ಮನ್ ಚಾಂಡಿ ಇಬ್ಬರ ಸಂಪುಟದಲ್ಲೂ ಕೃಷಿ ಸಚಿವೆ. 1959ರಲ್ಲಿ ತಮ್ಮ ಸರ್ಕಾರವನ್ನು ಬೀಳಿಸಲು ಬೀದಿಗಿಳಿದ ಪಕ್ಷದ ಜೊತೆಗೇ ಈಗ ಅಧಿಕಾರ. ಇದನ್ನು ಅವಕಾಶವಾದ ಎನ್ನುವವರ ಬಾಯಿ ಮುಚ್ಚಿಸುವ ಆಸೆ ನನಗಿಲ್ಲ, ಅದರಲ್ಲಿ ಅವಕಾಶವಾದ ಇತ್ತು. ಗೌರಿಯಮ್ಮನವರಿಗೆ ಅಧಿಕಾರ ಬೇಕಿತ್ತು. ಕಡತ ಓದುವುದು, ಸಹಿ ಹಾಕುವುದು, ಅಧಿಕಾರಿಯನ್ನು ಎದುರು ನಿಲ್ಲಿಸಿ ಕೆಲಸ ತೆಗೆಯುವುದು ಅವರಿಗೆ ಗೊತ್ತಿದ್ದ ರಾಜಕಾರಣ. ಎಂಬತ್ತು ದಾಟಿದ ಗಂಡಸು ಅಧಿಕಾರಕ್ಕೆ ಅಂಟಿಕೊಂಡರೆ ಅನುಭವಿ ಮುತ್ಸದ್ದಿ ಎಂದು ಸನ್ಮಾನ ಮಾಡುವ ನಾವು ಇವರಿಗೆ ಮನೆಯಲ್ಲಿ ಕೂರಬಾರದಿತ್ತೇ ಎಂದು ಬುದ್ಧಿ ಹೇಳಿದೆವು. 2006ರಲ್ಲಿ ಅರೂರಿನ ಮತದಾರರು ಅದನ್ನೇ ಹೇಳಿದರು. ಸೋಲಿಸಿದ್ದು ಸಿಪಿಎಂ ಅಭ್ಯರ್ಥಿ.

2021ರ ಮೇ 11ರಂದು, 101ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಉಚ್ಚಾಟಿಸಿದ ಪಕ್ಷವೂ ಸೇರಿ ಕೇರಳವೆಲ್ಲ ಕೊಂಡಾಡಿತು. ಅದೇ ತಿಂಗಳು ಸಿಪಿಎಂ ಸತತ ಎರಡನೇ ಸಲ ಗೆದ್ದು ಸರ್ಕಾರ ರಚಿಸುತ್ತಿತ್ತು. ನಿಫಾ, ಕೋವಿಡ್ ಎರಡನ್ನೂ ಎದುರಿಸಿ ದೇಶದಾಚೆಗೂ ಹೆಸರು ಮಾಡಿದ್ದ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಮಟ್ಟನ್ನೂರಿನಿಂದ 60,963 ಮತಗಳ ಅಂತರದಲ್ಲಿ ಗೆದ್ದು ಬಂದಿದ್ದರು. ಅಂತ್ಯಕ್ರಿಯೆ ಮುಗಿದು ವಾರವಾಗುವಷ್ಟರಲ್ಲಿ, ಮೇ 18ರಂದು, ಹೊಸ ಸಂಪುಟದ ಪಟ್ಟಿ ಹೊರಬಂತು. ಶೈಲಜಾ ಅದರಲ್ಲಿ ಇರಲಿಲ್ಲ, ಅವರಿಗೆ ಪಕ್ಷದ ಸಚೇತಕಿ ಹುದ್ದೆ. ಹಳಬರು ಯಾರೂ ಬೇಡ, ಎಲ್ಲ ಹೊಸ ಮುಖಗಳೇ ಇರಲಿ ಎಂಬುದು ನಿಯಮ ಎಂದು ವಿವರಣೆ ಬಂತು. ನಿಯಮ ಪಕ್ಷದ ಎಲ್ಲ ಮಂತ್ರಿಗಳಿಗೂ ಅನ್ವಯವಾಗಿತ್ತು, ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರೊಬ್ಬರನ್ನು ಬಿಟ್ಟು.